ತೋಟದ ಮನೆಗೆ ಆನ್‌ಲೈನ್ ಬುಕಿಂಗ್: ತಂತ್ರಾಂಶಕ್ಕೆ ದುಡ್ಡು ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ



ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದ ಮೇಲೆ ನಮ್ಮ ಮಲೆನಾಡಿನಲ್ಲಿ ಎರಡನೇ ಆದಾಯದ ಮಾತು ಎಲ್ಲ ಮನೆಯಲ್ಲೂ ಬರುತ್ತಿದೆ. ಕೆಲವರು ಜೇನು ಇಟ್ಟರು, ಕೆಲವರು ಕಾಳುಮೆಣಸು ಹೆಚ್ಚಿಸಿದರು. ಇನ್ನು ಕೆಲವರು ತೋಟದ ಮನೆಯ ಒಂದೆರಡು ಕೋಣೆ ಸರಿ ಮಾಡಿಸಿ, ಬಾತ್‌ರೂಮ್ ಕಟ್ಟಿಸಿ, ಪ್ರವಾಸಿಗರಿಗೆ ಕೊಡೋಕೆ ಶುರು ಮಾಡಿದ್ದಾರೆ. ಕೋಣೆ ತಯಾರಾಗಿ ಫೋಟೋ ಹಾಕಿದ ವಾರದೊಳಗೆ ಫೋನುಗಳು ಬರೋಕೆ ಶುರುವಾಗುತ್ತೆ. ಅತಿಥಿಗಳದ್ದಲ್ಲ, ಸಾಫ್ಟ್‌ವೇರ್ ಮಾರುವವರದ್ದು. "ಸಾರ್, ನಮ್ಮ ಸಿಸ್ಟಮ್ ಹಾಕಿದ್ರೆ ವರ್ಷಪೂರ್ತಿ ಬುಕಿಂಗ್" ಅಂತಾರೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಬುಕಿಂಗ್ ತಂತ್ರಾಂಶ ಅತಿಥಿಗಳನ್ನು ತರುವ ಯಂತ್ರ ಅಲ್ಲ, ಲೆಕ್ಕ ಇಡುವ ಯಂತ್ರ. ಅದು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಗೊತ್ತಿದ್ದರೆ ಹಣ ಉಳಿಯುತ್ತೆ, ಊರಲ್ಲಿ ಮರ್ಯಾದೆಯೂ ಉಳಿಯುತ್ತೆ.

ಬುಕಿಂಗ್ ಅಂದರೆ ಏನನ್ನು ಮಾರೋದು?

ಶನಿವಾರ ರಾತ್ರಿಯ ಕೋಣೆ ಮಾರಾಟ ಆಗಲಿಲ್ಲ ಅಂದರೆ ಭಾನುವಾರ ಬೆಳಿಗ್ಗೆ ಅದರ ಬೆಲೆ ಸೊನ್ನೆ. ಒಣ ಅಡಿಕೆಯನ್ನು ದರ ಬರಲಿ ಅಂತ ಚೀಲ ಕಟ್ಟಿ ಇಡಬಹುದು, ಕೋಣೆಯನ್ನು ಇಡೋಕಾಗಲ್ಲ. ಈ ವಿಷಯದಲ್ಲಿ ಕೋಣೆ ಬಿಡಿ ಹೂವಿದ್ದ ಹಾಗೆ. ಆದರೆ ಹೂವಿಗಿಲ್ಲದ ಇನ್ನೊಂದು ಕಷ್ಟ ಇದಕ್ಕಿದೆ. ಕೊಳ್ಳುವವನು ಬೆಂಗಳೂರಲ್ಲಿ ಕೂತು, ಸರಕು ನೋಡದೆ, ಮೊದಲೇ ಹಣ ಕೊಡ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬನೂ ಅದೇ ಕೋಣೆ ಕೇಳುತ್ತಿರಬಹುದು.

ಶಿವಮೊಗ್ಗ ಎಪಿಎಂಸಿಯ ಇ-ಟೆಂಡರ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಇರುತ್ತೆ. ಎಷ್ಟು ಜನ ಖರೀದಿದಾರರು ದರ ಹಾಕಿದರೂ ಒಂದು ಲಾಟ್ ಒಬ್ಬರಿಗೇ ಹೋಗೋದು. ಕೋಣೆಯ ವಿಷಯದಲ್ಲಿ ಲಾಟ್ ಅಂದರೆ "ಒಂದು ಕೋಣೆ, ಒಂದು ರಾತ್ರಿ". ಎರಡು ಕೋಣೆ ಇರುವ ಮನೆಗೆ ವರ್ಷಕ್ಕೆ 730 ಲಾಟ್. ಅದರಲ್ಲಿ ಯಾವುದು ಖಾಲಿ, ಯಾವುದು ಹೋಗಿದೆ ಅಂತ ಎಲ್ಲರಿಗೂ ಒಂದೇ ಉತ್ತರ ಸಿಗೋ ಹಾಗೆ ಮಾಡೋದೇ ಬುಕಿಂಗ್ ತಂತ್ರಾಂಶದ ಮೂಲ ಕೆಲಸ.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2005ರ ದೀಪಾವಳಿಗೆ ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮಾ ಅವರಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಖಾಸಗಿ ಬಸ್ಸುಗಳ ಸೀಟು ಬೇರೆ ಬೇರೆ ಏಜೆಂಟರ ಕೈಯಲ್ಲಿ ಹಂಚಿಹೋಗಿತ್ತು. ಒಬ್ಬನ ಹತ್ತಿರ ಸೀಟು ಉಳಿದಿದ್ದರೂ ಇನ್ನೊಬ್ಬನಿಗೆ ಗೊತ್ತಾಗ್ತಿರಲಿಲ್ಲ. ಅದೇ ಸಮಸ್ಯೆ ಹಿಡಿದು ಅವರು ಇಬ್ಬರು ಗೆಳೆಯರ ಜೊತೆ 2006ರಲ್ಲಿ ರೆಡ್‌ಬಸ್ ಶುರು ಮಾಡಿದರು. ರೈಲು ಟಿಕೆಟ್‌ಗೆ ಐಆರ್‌ಸಿಟಿಸಿ ಆನ್‌ಲೈನ್ ಬುಕಿಂಗ್ ಬಂದಿದ್ದು 2002ರಲ್ಲಿ. ಈ ಎರಡೂ ಕಡೆ ಹೊಸದಾಗಿ ಒಂದು ಸೀಟೂ ಹುಟ್ಟಲಿಲ್ಲ. ಇರುವ ಸೀಟಿನ ಲೆಕ್ಕ ಎಲ್ಲರಿಗೂ ಕಾಣುವ ಹಾಗಾಯಿತು, ಅಷ್ಟೇ.

ಲೆಕ್ಕ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2024ರ ಗಣರಾಜ್ಯೋತ್ಸವದ ರಜೆ ನೆನಪಿಸಿಕೊಳ್ಳಿ. ಕುಮಾರಪರ್ವತದ ಚಾರಣಕ್ಕೆ ಒಂದೇ ಸಲ ಸಾವಿರಾರು ಜನ ಬಂದು ಕಾಡಿನ ದಾರಿ ಜಾತ್ರೆ ಆಗಿತ್ತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ದಿನಕ್ಕೆ ಇಂತಿಷ್ಟೇ ಜನ ಅನ್ನೋ ಮಿತಿ ತಂದಿತು. ಬುಕಿಂಗ್ ಅಂದರೆ "ಬನ್ನಿ" ಅನ್ನೋದು ಎಷ್ಟು ಮುಖ್ಯವೋ "ಇವತ್ತು ಜಾಗ ಇಲ್ಲ" ಅಂತ ಮೊದಲೇ ಹೇಳೋದೂ ಅಷ್ಟೇ ಮುಖ್ಯ.

ಒಂದೇ ಹೆಸರಲ್ಲಿ ನಾಲ್ಕು ಸರಕು

ಮಾರಾಟಗಾರರು ಎಲ್ಲವನ್ನೂ "ಬುಕಿಂಗ್ ಸಿಸ್ಟಮ್" ಅಂತಲೇ ಕರೀತಾರೆ. ಆದರೆ ಇವು ನಾಲ್ಕು ಬೇರೆ ಬೇರೆ ಸೇವೆಗಳು.

1. ಪ್ರಯಾಣ ಜಾಲತಾಣ: ಬುಕಿಂಗ್ ಡಾಟ್ ಕಾಮ್, ಏರ್‌ಬಿಎನ್‌ಬಿ, ಮೇಕ್‌ಮೈಟ್ರಿಪ್ ಇಂಥವು. ಇವು ಮಂಡಿ ಇದ್ದ ಹಾಗೆ. ಗಿರಾಕಿ ಅಲ್ಲಿಗೇ ಬರ್ತಾನೆ, ಮಾರಾಟ ಆದರೆ ಕಮಿಷನ್ ಹಿಡಿದು ಉಳಿದಿದ್ದು ಕೊಡ್ತಾರೆ.

2. ಬುಕಿಂಗ್ ಎಂಜಿನ್: ನಿಮ್ಮದೇ ವೆಬ್‌ಸೈಟಿನಲ್ಲಿ ಅಥವಾ ವಾಟ್ಸ್‌ಆಪ್‌ನಲ್ಲಿ ಕಳಿಸುವ ಲಿಂಕಿನಲ್ಲಿ ದಿನಾಂಕ ಆರಿಸಿ ಹಣ ಕಟ್ಟುವ ಪುಟ. ಇದು ತೋಟದ ಬಾಗಿಲಲ್ಲೇ ಮಾರಿದ ಹಾಗೆ. ಕಮಿಷನ್ ಕಡಿಮೆ, ಆದರೆ ಗಿರಾಕಿಯನ್ನು ನೀವೇ ಕರೀಬೇಕು.

3. ಚಾನೆಲ್ ಮ್ಯಾನೇಜರ್: ಎರಡು ಮೂರು ಜಾಲತಾಣಗಳಲ್ಲಿ ನಿಮ್ಮ ಕೋಣೆ ಇದ್ದರೆ, ಒಂದರಲ್ಲಿ ಬುಕ್ ಆದ ತಕ್ಷಣ ಉಳಿದ ಕಡೆ ಮುಚ್ಚುವ ಕೊಂಡಿ.

4. ಕೋಣೆ ನಿರ್ವಹಣೆಯ ತಂತ್ರಾಂಶ: ಯಾರು ಬಂದರು, ಯಾರು ಹೋದರು, ಊಟದ ಬಿಲ್ಲು, ರಶೀದಿ ಇವೆಲ್ಲದರ ಡಿಜಿಟಲ್ ಪುಸ್ತಕ.

ಇಪ್ಪತ್ತು ಕೋಣೆಯ ರೆಸಾರ್ಟಿಗೆ ನಾಲ್ಕೂ ಬೇಕಾಗಬಹುದು. ಎರಡು ಕೋಣೆಯ ತೋಟದ ಮನೆಗೆ ನಾಲ್ಕನೆಯದು ಸಾಮಾನ್ಯವಾಗಿ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಮೂರನೆಯದು ಬೇಕೋ ಬೇಡವೋ ಅನ್ನೋದು ಎಷ್ಟು ಕಡೆ ಮಾರ್ತೀರಿ ಅನ್ನೋದರ ಮೇಲಿದೆ.

ಡಬಲ್ ಬುಕಿಂಗ್ ಹೇಗೆ ಆಗುತ್ತೆ?

ಭದ್ರಾವತಿಯಿಂದ ಬಿ.ಆರ್. ಪ್ರಾಜೆಕ್ಟ್ ಕಡೆ ಹೋಗುವ ದಾರಿಯಲ್ಲಿ ಒಂದು ತೋಟ ಅಂದುಕೊಳ್ಳಿ. ಬಾಡಿಗೆಗೆ ಒಂದೇ ದೊಡ್ಡ ಕೋಣೆ. ಎರಡು ಜಾಲತಾಣಗಳಲ್ಲಿ ಹಾಕಿದ್ದಾರೆ, ಎರಡಕ್ಕೂ ಕ್ಯಾಲೆಂಡರ್ ಲಿಂಕ್ ಜೋಡಿಸಿದ್ದಾರೆ. ಈ ಲಿಂಕ್ ಉಚಿತ, ಜಾಲತಾಣದ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತೆ. ಒಂದರ ಕ್ಯಾಲೆಂಡರನ್ನು ಇನ್ನೊಂದು ಆಗಾಗ ಬಂದು ಓದಿಕೊಂಡು ಹೋಗುತ್ತೆ.

"ಆಗಾಗ" ಅನ್ನೋದನ್ನ ಗಮನಿಸಿ. ತಕ್ಷಣ ಅಲ್ಲ, ಕೆಲವು ಸಲ ಗಂಟೆಗಟ್ಟಲೆ ತಡ ಆಗುತ್ತೆ. ದಸರಾ ರಜೆಯ ಶುಕ್ರವಾರ ರಾತ್ರಿ 9 ಗಂಟೆಗೆ ಮೊದಲ ಜಾಲತಾಣದಲ್ಲಿ ಒಬ್ಬರು ಬುಕ್ ಮಾಡ್ತಾರೆ. ಎರಡನೆಯದು ಇನ್ನೂ ಓದಿಲ್ಲ, ಅಲ್ಲಿ ಕೋಣೆ ಖಾಲಿ ಅಂತಲೇ ಇದೆ. 10 ಗಂಟೆಗೆ ಅಲ್ಲಿ ಇನ್ನೊಬ್ಬರು ಬುಕ್ ಮಾಡ್ತಾರೆ. ಬೆಳಿಗ್ಗೆ 5ಕ್ಕೆ ಎರಡೂ ಕುಟುಂಬ ಬೆಂಗಳೂರು ಬಿಡ್ತಾರೆ, ಮಧ್ಯಾಹ್ನ ಇಬ್ಬರೂ ನಿಮ್ಮ ಗೇಟಿನ ಮುಂದೆ ನಿಲ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿರ್ತಾರೆ. ಹಬ್ಬದ ದಿನ ಭದ್ರಾವತಿ, ಶಿವಮೊಗ್ಗ ಎರಡರಲ್ಲೂ ಲಾಡ್ಜ್ ಭರ್ತಿ. ಒಬ್ಬರನ್ನು ವಾಪಸ್ ಕಳಿಸಿದರೆ ಅವರು ಬರೆಯುವ ವಿಮರ್ಶೆ ವರ್ಷಗಟ್ಟಲೆ ಉಳಿಯುತ್ತೆ. ಮಾಲೀಕರೇ ರದ್ದು ಮಾಡಿದರೆ ಜಾಲತಾಣ ದಂಡ ಹಾಕಬಹುದು, ನಿಮ್ಮ ಮನೆಯನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಬಹುದು.

ಲಿಂಕಿಗೆ ಇನ್ನೊಂದು ಮಿತಿ ಇದೆ. ಅದಕ್ಕೆ "ಖಾಲಿ", "ಭರ್ತಿ" ಎರಡೇ ಗೊತ್ತು, "ಎರಡರಲ್ಲಿ ಒಂದು ಉಳಿದಿದೆ" ಅನ್ನೋದು ಗೊತ್ತಾಗಲ್ಲ. ಹಾಗಾಗಿ ಎರಡು ಕೋಣೆ ಇದ್ದರೆ ಎರಡಕ್ಕೂ ಬೇರೆ ಹೆಸರು ಕೊಟ್ಟು, ಬೇರೆ ಬೇರೆಯಾಗಿ ಹಾಕಿ, ಬೇರೆ ಲಿಂಕ್ ಜೋಡಿಸಿ.

ಚಾನೆಲ್ ಮ್ಯಾನೇಜರ್ ಕೆಲಸ ಮಾಡೋ ರೀತಿ ಬೇರೆ. ಅದು ಓದೋಕೆ ಬರೋವರೆಗೆ ಕಾಯಲ್ಲ, ಬುಕ್ ಆದ ಕ್ಷಣವೇ ಉಳಿದ ಜಾಲತಾಣಗಳಿಗೆ ಸುದ್ದಿ ಕಳಿಸುತ್ತೆ. ನೀವು ದುಡ್ಡು ಕೊಡೋದು ಈ ವೇಗಕ್ಕೆ. ಆದರೆ ಒಂದು ವಿಷಯ: ಅತ್ತೆ ಮನೆಯವರು ಫೋನ್ ಮಾಡಿ "ಶನಿವಾರ ನಮ್ಮ ಸ್ನೇಹಿತರು ಬರ್ತಾರೆ" ಅಂದಿದ್ದು ಯಾವ ತಂತ್ರಾಂಶಕ್ಕೂ ಗೊತ್ತಾಗಲ್ಲ. ಫೋನಿನ ಬುಕಿಂಗನ್ನು ಆ ಕ್ಷಣವೇ ನೀವೇ ಕ್ಯಾಲೆಂಡರಿನಲ್ಲಿ ಮುಚ್ಚಬೇಕು. "ರಾತ್ರಿ ಹಾಕ್ತೀನಿ" ಅಂತ ಬಿಟ್ಟರೆ ಎಷ್ಟು ದುಬಾರಿ ತಂತ್ರಾಂಶ ಇದ್ದರೂ ಪ್ರಯೋಜನ ಇಲ್ಲ.

ಈಗ ದುಡ್ಡಿನ ಲೆಕ್ಕ

ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಒಪ್ಪಂದದಲ್ಲಿರುವ ಅಂಕಿ ಹಾಕಿ ಇದೇ ರೀತಿ ಲೆಕ್ಕ ಮಾಡಿ.

ಒಂದು ರಾತ್ರಿಯ ಬಾಡಿಗೆ 2,500 ರೂ., ಜಾಲತಾಣದ ಕಮಿಷನ್ ಶೇ. 15 ಅಂದುಕೊಳ್ಳಿ.

- ಕಮಿಷನ್: 375 ರೂ.
- ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ: 67.50 ರೂ.
- ಒಟ್ಟು ಕಡಿತ: 442.50 ರೂ.
- ಕೈಗೆ ಬರುವುದು: 2,057.50 ರೂ.

ಅದೇ ಅತಿಥಿ ನಿಮ್ಮ ಬುಕಿಂಗ್ ಎಂಜಿನ್ ಮೂಲಕ ಕಾರ್ಡಿನಲ್ಲಿ ಕಟ್ಟಿದರೆ, ಪೇಮೆಂಟ್ ಗೇಟ್‌ವೇ ಶೇ. 2 ಹಿಡಿಯುತ್ತೆ ಅಂದುಕೊಳ್ಳೋಣ. 50 ರೂ., ಅದರ ಮೇಲೆ ಜಿಎಸ್‌ಟಿ 9 ರೂ., ಒಟ್ಟು 59 ರೂ. ಕೈಗೆ 2,441 ರೂ. ಬರುತ್ತೆ. ಅಂದರೆ ಒಂದು ರಾತ್ರಿಗೆ 383.50 ರೂ. ಉಳಿತಾಯ.

ಈಗ ಬುಕಿಂಗ್ ಎಂಜಿನ್‌ಗೆ ವರ್ಷಕ್ಕೆ 12,000 ರೂ. ಕೇಳ್ತಾರೆ ಅನ್ನಿ. 12,000ವನ್ನು 383.50ರಿಂದ ಭಾಗಿಸಿ. ಉತ್ತರ 31ಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಜಾಲತಾಣ ಬಿಟ್ಟು ನೇರವಾಗಿ ನಿಮ್ಮಲ್ಲೇ ಬುಕ್ ಮಾಡುವ ರಾತ್ರಿಗಳು ವರ್ಷಕ್ಕೆ 32 ಆದರೆ ಅಸಲು, ಆಮೇಲಿಂದ ಲಾಭ. ಮೊದಲ ವರ್ಷದ ಹೊಸ ಹೋಂಸ್ಟೇಗೆ 32 ನೇರ ಬುಕಿಂಗ್ ಸುಲಭ ಅಲ್ಲ. ನಿಮ್ಮ ಹೆಸರೇ ಯಾರಿಗೂ ಗೊತ್ತಿಲ್ಲದಾಗ ನಿಮ್ಮ ಪುಟಕ್ಕೆ ಯಾರು ಬರ್ತಾರೆ?

ಅದಕ್ಕೆ ನಾನು ಹೇಳೋ ಕ್ರಮ ಇದು. ಮೊದಲ ವರ್ಷ ಒಂದೇ ಜಾಲತಾಣ. ಕಮಿಷನ್ ಹೋಗಲಿ, ಅದು ಪರಿಚಯದ ಖರ್ಚು. ಒಂದೇ ಕಡೆ ಇದ್ದರೆ ಚಾನೆಲ್ ಮ್ಯಾನೇಜರ್ ಬೇಡ, ಕ್ಯಾಲೆಂಡರ್ ಜೋಡಿಸೋ ತಲೆನೋವೂ ಇಲ್ಲ. ಗೂಗಲ್ ಮ್ಯಾಪ್‌ನಲ್ಲಿ ಉಚಿತವಾಗಿ ಮನೆಯ ಹೆಸರು, ಫೋಟೋ, ಫೋನ್ ನಂಬರ್ ಹಾಕಿ. ಬಂದವರು ಮತ್ತೆ ಬರುವಾಗ, ಅವರ ಸ್ನೇಹಿತರನ್ನು ಕಳಿಸುವಾಗ ನಿಮಗೇ ನೇರವಾಗಿ ಫೋನ್ ಮಾಡ್ತಾರೆ. ಆ ಹಣ ಯುಪಿಐನಲ್ಲಿ ಬ್ಯಾಂಕ್ ಖಾತೆಗೆ ಪೂರ್ತಿ ಬರುತ್ತೆ. ಇಂಥ ನೇರ ರಾತ್ರಿಗಳನ್ನು ವರ್ಷಪೂರ್ತಿ ಎಣಿಸಿ. 32 ದಾಟಿದ ವರ್ಷ ಬುಕಿಂಗ್ ಎಂಜಿನ್ ಮಾತಾಡಿ, ಅಲ್ಲಿವರೆಗೆ ಬೇಡ.

ಹಾಗಂತ ಜಾಲತಾಣದಲ್ಲಿ ಬುಕ್ ಮಾಡಿದ ಅತಿಥಿಗೆ "ಅಲ್ಲಿ ರದ್ದು ಮಾಡಿ ನನಗೇ ಕೊಡಿ" ಅನ್ನಬೇಡಿ. ಅದು ಒಪ್ಪಂದ ಮುರಿದ ಹಾಗೆ, ಖಾತೆಯನ್ನೇ ಮುಚ್ಚಬಹುದು. ಮಂಡಿಗೆ ಹಾಕಿದ ಮಾಲನ್ನು ಹಿಂಬಾಗಿಲಿಂದ ಮಾರಿದರೆ ಮಂಡಿಯವರು ಸುಮ್ಮನಿರ್ತಾರಾ?

ಮಾರಾಟಗಾರರಿಗೆ ಕೇಳಬೇಕಾದ ಆರು ಪ್ರಶ್ನೆ

1. ತಿಂಗಳ ಶುಲ್ಕವೋ, ಪ್ರತಿ ಬುಕಿಂಗ್‌ಗೆ ಶೇಕಡಾವಾರೋ, ಎರಡೂನಾ? ಜಿಎಸ್‌ಟಿ ಸೇರಿಸಿ ಎಷ್ಟು?
2. ಮಳೆಗಾಲದಲ್ಲಿ ಎರಡು ತಿಂಗಳು ಮುಚ್ಚಿದರೆ ಆ ತಿಂಗಳ ಶುಲ್ಕ ಕಟ್ಟಬೇಕಾ?
3. ಅತಿಥಿ ಕಟ್ಟಿದ ಹಣ ಎಷ್ಟು ದಿನಕ್ಕೆ ನನ್ನ ಖಾತೆಗೆ ಬರುತ್ತೆ? ರದ್ದಾದರೆ ವಾಪಸಾತಿ ಯಾರ ಹೊಣೆ?
4. ಫೋನಿನ ಆಪ್‌ನಲ್ಲಿ ಎಲ್ಲ ಕೆಲಸ ಆಗುತ್ತಾ, ಕಂಪ್ಯೂಟರೇ ಬೇಕಾ?
5. ಬಿಡಬೇಕು ಅನ್ನಿಸಿದರೆ ಅತಿಥಿಗಳ ಪಟ್ಟಿ, ವೆಬ್‌ಸೈಟಿನ ವಿಳಾಸ ನನಗೇ ಸಿಗುತ್ತಾ? ಡೊಮೇನ್ ಯಾರ ಹೆಸರಲ್ಲಿ ಇರುತ್ತೆ?
6. ಭಾನುವಾರ ರಾತ್ರಿ ತೊಂದರೆ ಆದರೆ ಫೋನ್ ಎತ್ತುವವರು ಯಾರು?

ಐದನೆಯದನ್ನು ಬರಹದಲ್ಲಿ ತಗೊಳ್ಳಿ. ತೋಟದ ಹೆಸರಿನ ಡೊಮೇನ್ ಬೇರೆಯವರ ಹೆಸರಲ್ಲಿದ್ದರೆ ಪಹಣಿ ಬೇರೆಯವರ ಹೆಸರಲ್ಲಿದ್ದ ಹಾಗೆ. ದುಡಿದು ಹೆಸರು ಮಾಡೋದು ನೀವು, ಹಕ್ಕು ಅವರದ್ದು.

ಕ್ಯಾಲೆಂಡರ್ ತುಂಬಿಸೋದು ನಮ್ಮ ಊರಿನ ಪ್ರಕಾರ

ತಂತ್ರಾಂಶ ಖಾಲಿ ಕ್ಯಾಲೆಂಡರ್ ಕೊಡುತ್ತೆ. ಅದಕ್ಕೆ ಕೃಷಿಯ ಬುದ್ಧಿ ತುಂಬಬೇಕಾದವರು ನೀವು.

ಅತಿಥಿ ಹೇಗೆ, ಎಷ್ಟು ಹೊತ್ತಿಗೆ ಬರ್ತಾನೆ ನೋಡಿ. ಸಂಜೆ ಬೆಂಗಳೂರು ಬಿಡುವ ಜನಶತಾಬ್ದಿ ಭದ್ರಾವತಿ, ಶಿವಮೊಗ್ಗ ಮುಟ್ಟೋದು ರಾತ್ರಿ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಶುರುವಾಯಿತು. ಬುಕಿಂಗ್ ಪುಟದಲ್ಲಿ "ಎಷ್ಟು ಗಂಟೆಗೆ, ಯಾವುದರಲ್ಲಿ ಬರ್ತೀರಿ" ಅನ್ನೋ ಪ್ರಶ್ನೆ ಕಡ್ಡಾಯ ಮಾಡಿ. ರಾತ್ರಿ ಊಟ ಬೇಕಾ ಅಂತಲೂ ಅಲ್ಲೇ ಕೇಳಿ. ಹತ್ತೂವರೆಗೆ ಬಂದು ಊಟ ಕೇಳಿದರೆ ಮನೆಯ ಹೆಂಗಸರಿಗೆ ಕಷ್ಟ.

ಅತಿಥಿ ಏನು ನೋಡೋಕೆ ಬರ್ತಾನೆ ಅನ್ನೋದೂ ಮುಖ್ಯ. ಸಕ್ರೆಬೈಲಿನ ಆನೆ ಬಿಡಾರ ನೋಡೋದು ಬೆಳಿಗ್ಗೆ. ಹಾಗಾಗಿ ಹಿಂದಿನ ರಾತ್ರಿ ಹತ್ತಿರದಲ್ಲೇ ಉಳಿಯೋರು ಸಿಗ್ತಾರೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಗೂಡು ಮಾಡುತ್ತವೆ. ಲಕ್ಕವಳ್ಳಿಯಲ್ಲಿರುವ ಜಂಗಲ್ ಲಾಡ್ಜಸ್‌ನ ವಸತಿಗೆ ಹೆಸರು ಬಂದಿದ್ದೂ ಆ ಹಕ್ಕಿಯಿಂದಲೇ. ಕ್ಯಾಮೆರಾ ಹಿಡಿದು ಬರುವವರಿಗೆ ಭದ್ರಾವತಿ ಕಡೆಯ ತೋಟಗಳು ದೂರ ಅಲ್ಲ. ಜೋಗ ಮೈದುಂಬೋದು ಮಳೆಗಾಲದಲ್ಲಿ, ಆದರೆ ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 100 ಕಿ.ಮೀ. "ಜೋಗದ ಪಕ್ಕ" ಅಂತ ಬರೆದು ಜನರನ್ನು ಕರೆಸಬೇಡಿ, ದೂರವನ್ನು ಇದ್ದ ಹಾಗೇ ಬರೀರಿ.

ಇನ್ನು ಮುಚ್ಚಬೇಕಾದ ದಿನಗಳು. ಬೋರ್ಡೋ ಸಿಂಪಡಣೆ ದಿನ ತೋಟದಲ್ಲಿ ಹೊರಗಿನವರು ಓಡಾಡಬಾರದು. ಕೊನೆಕೊಯ್ಲಿನ ದಿನ ಮೇಲಿಂದ ಗೊನೆ ಬೀಳುವ ಕಡೆ ಮಕ್ಕಳನ್ನು ಬಿಡೋಕಾಗಲ್ಲ. ಆದರೆ ಅಡಿಕೆ ಸುಲಿಯೋದು, ಬೇಯಿಸೋದು ನೋಡೋಕೆ ಪೇಟೆಯವರಿಗೆ ಬಹಳ ಆಸೆ. ಕೊಯ್ಲಿನ ದಿನ ಮುಚ್ಚಿ, ಬೇಯಿಸುವ ದಿನ ತೆರೆಯಿರಿ. ಮನೆಯ ಮದುವೆ, ತಿಥಿ, ಹಬ್ಬ ಎಲ್ಲವನ್ನೂ ವರ್ಷದ ಆರಂಭದಲ್ಲೇ ಮುಚ್ಚಿಬಿಡಿ. ಆಮೇಲೆ ಬೇಕಿದ್ದರೆ ತೆರೆಯಬಹುದು, ಬುಕ್ ಆದ ಮೇಲೆ ಮುಚ್ಚೋಕಾಗಲ್ಲ.

ಜುಲೈ, ಆಗಸ್ಟ್‌ನಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತೆ. ತಕ್ಷಣ ಖಚಿತವಾಗುವ ಬುಕಿಂಗನ್ನು ಆ ತಿಂಗಳುಗಳಲ್ಲಿ ಆಫ್ ಮಾಡಿ, "ಕೋರಿಕೆ ಕಳಿಸಿ, ಒಪ್ಪಿದ ಮೇಲೆ ಖಚಿತ" ಅನ್ನೋ ಆಯ್ಕೆ ಇದ್ದರೆ ಅದನ್ನಿಡಿ. ಶಿವಮೊಗ್ಗ ಪೇಟೆಯಲ್ಲಿರುವ ತಮ್ಮನಿಗೋ ಅಕ್ಕನಿಗೋ ಆಪ್‌ನಲ್ಲಿ ಸಹಾಯಕರ ಲಾಗಿನ್ ಕೊಡಿ. ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಅಡುಗೆಮನೆ ಗೋಡೆಗೆ ಒಂದು ಕಾಗದದ ಕ್ಯಾಲೆಂಡರೂ ಇರಲಿ. ಫೋನ್ ಬಿಸಾಡಿಹೋದರೂ ಅಮ್ಮನಿಗೆ ನಾಳೆ ಎಷ್ಟು ಜನಕ್ಕೆ ಅನ್ನ ಇಡಬೇಕು ಅಂತ ಗೊತ್ತಿರಬೇಕು.

ಮೋಸದ ಬುಕಿಂಗ್: ಇದನ್ನು ಮನೆಯವರಿಗೆಲ್ಲ ಓದಿ ಹೇಳಿ

ಫೋನ್ ಬರುತ್ತೆ. ದೊಡ್ಡ ಗುಂಪು, ನಾಲ್ಕು ದಿನ, ದರ ಚೌಕಾಸಿನೇ ಇಲ್ಲ. "ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತಾರೆ. ನೆನಪಿಡಿ: ಹಣ ಬರೋದಕ್ಕೆ ಪಿನ್ ಬೇಡ. ಪಿನ್ ಹಾಕಿದರೆ ಹಣ ಹೋಗುತ್ತೆ, ಬರಲ್ಲ.

ಇನ್ನೊಂದು ರೀತಿ: "5,000 ಬದಲು 50,000 ಹಾಕ್ಬಿಟ್ಟೆ, ಉಳಿದಿದ್ದು ವಾಪಸ್ ಹಾಕಿ" ಅಂತ ಸ್ಕ್ರೀನ್‌ಶಾಟ್ ಕಳಿಸ್ತಾರೆ. ಸ್ಕ್ರೀನ್‌ಶಾಟ್, ಎಸ್‌ಎಂಎಸ್ ನಂಬಬೇಡಿ, ಬ್ಯಾಂಕ್ ಆಪ್ ತೆರೆದು ಖಾತೆ ನೋಡಿ. ಮೂರನೆಯದು ಜಾಲತಾಣದ ಹೆಸರಲ್ಲೇ ಬರುವ ಸಂದೇಶ: "ನಿಮ್ಮ ಖಾತೆ ನಿಲ್ಲಿಸುತ್ತೇವೆ, ಇಲ್ಲಿ ಲಾಗಿನ್ ಆಗಿ." ಲಿಂಕ್ ಒತ್ತಬೇಡಿ, ಆಪ್ ಒಳಗಿಂದಲೇ ಹೋಗಿ ನೋಡಿ. ಓಟಿಪಿ ಯಾರಿಗೂ ಹೇಳಬೇಡಿ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ, ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಜಾಸ್ತಿ.

ಕಾಗದಪತ್ರ

ಜಾಲತಾಣದಲ್ಲಿ ಹೆಸರು ಹಾಕಿದ ಮಾತ್ರಕ್ಕೆ ಹೋಂಸ್ಟೇ ಕಾನೂನುಬದ್ಧ ಆಗಲ್ಲ. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಣಿ ಬಗ್ಗೆ, ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿ ಬಗ್ಗೆ ಮೊದಲು ವಿಚಾರಿಸಿ. ಪ್ರತಿ ಅತಿಥಿಯ ಗುರುತಿನ ದಾಖಲೆ ನೋಡಿ ರಿಜಿಸ್ಟರಿನಲ್ಲಿ ಬರೀಬೇಕು. ಆಧಾರ್ ಕೇಳುವುದಾದರೆ ಮೊದಲ 8 ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಸಾಕು, ಅದನ್ನು ಊರಿನ ವಾಟ್ಸ್‌ಆಪ್ ಗುಂಪಿಗೆ ಹಾಕಬೇಡಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಲೇಬೇಕು.

ತೆರಿಗೆ ವಿಷಯದಲ್ಲಿ ಒಂದು ಮಾತು: ಅಡಿಕೆ ಮಾರಿದ್ದು ಕೃಷಿ ಆದಾಯ, ಕೋಣೆ ಬಾಡಿಗೆ ಕೃಷಿ ಆದಾಯ ಅಲ್ಲ. ಎರಡಕ್ಕೂ ಬೇರೆ ಪುಸ್ತಕ ಇಡಿ, ಆದರೆ ಬ್ಯಾಂಕ್ ಖಾತೆಯೂ ಬೇರೆ ಇರಲಿ. ಜಿಎಸ್‌ಟಿ ನೋಂದಣಿ ನಿಮಗೆ ಬೇಕಾ ಅನ್ನೋದನ್ನು ಆಡಿಟರ್ ಹತ್ತಿರ ಕೇಳಿಯೇ ನಿರ್ಧರಿಸಿ.

ಈ ವಾರದ ಕೆಲಸ

ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡೋ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಮುಂದಿನ ಹನ್ನೆರಡು ತಿಂಗಳಲ್ಲಿ ಮುಚ್ಚಬೇಕಾದ ದಿನಗಳನ್ನೆಲ್ಲ ಮನೆಯವರ ಜೊತೆ ಕೂತು ಬರೀರಿ: ಸಿಂಪಡಣೆ, ಕೊಯ್ಲು, ಮದುವೆ, ಹಬ್ಬ. ಉಳಿದ ದಿನಗಳನ್ನು ಎಣಿಸಿ. ನೀವು ಮಾರಬಹುದಾದ ಸರಕು ಅಷ್ಟೇ. ಅದನ್ನು ಕೋಣೆಗಳ ಸಂಖ್ಯೆಯಿಂದ ಗುಣಿಸಿ, ನಿಮ್ಮ ಬಾಡಿಗೆ ಹಾಕಿ, ಮೇಲೆ ತೋರಿಸಿದ ಹಾಗೆ ಕಡಿತ ಕಳೆಯಿರಿ.

ಆ ಪುಟ ಕೈಯಲ್ಲಿದ್ದರೆ ಮಾರಾಟಗಾರ "ವರ್ಷಪೂರ್ತಿ ಬುಕಿಂಗ್" ಅಂದಾಗ ನೀವು ನಗಬಹುದು. ವರ್ಷಪೂರ್ತಿ ಕೋಣೆ ಕೊಡೋಕೆ ನಮಗೇ ಆಗಲ್ಲ, ತೋಟದ ಕೆಲಸ ಯಾರು ಮಾಡೋದು? ಅತಿಥಿ ಬರೋದು ತೋಟ ನೋಡೋಕೆ. ತೋಟ ಚೆನ್ನಾಗಿದ್ದರೆ ಮಾತ್ರ ಕೋಣೆಗೂ ಬೆಲೆ.